ಎತ್ತಿ ಅನ್ನುವ ತನಕ

ಗಂಭೀರಪ್ಪನ ನಿಜವಾದ ಹೆಸರು ಅವನ ಗುರುತಿನ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಈ ಹೆಸರನ್ನು ಸಂಪಾದಿಸಿಕೊಟ್ಟಿದ್ದು ಅವನ ಮುಖ. ಹೆಣದ ಗಾಡಿ ಓಡಿಸುವವನು ನಗುನಗುತ್ತಾ ಬಂದು ಬಾಗಿಲಲ್ಲಿ ನಿಂತರೆ ಮನೆಯವರು ಸುಮ್ಮನೆ ಬಿಡುತ್ತಾರೆಯೇ? ಅದಕ್ಕೇ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿ ಒಂದು ಮುಖ ತಯಾರಿಸಿಕೊಂಡ. ತುಟಿ ಸ್ವಲ್ಪ ಕೆಳಗೆ, ಹುಬ್ಬು ಸ್ವಲ್ಪ ಮೇಲೆ, ಕಣ್ಣು ನೆಲದ ಮೇಲೆ. ಆ ಮುಖ ಎಷ್ಟು ಚೆನ್ನಾಗಿ ಕೂತಿತೆಂದರೆ ಆಮೇಲೆ ಏಳಲೇ ಇಲ್ಲ. ಮಗಳ ಮದುವೆಯ ಫೋಟೋದಲ್ಲೂ ಹಾಗೆಯೇ ನಿಂತಿದ್ದಾನೆ. ಬೀಗರು ಇವತ್ತಿಗೂ ಅದನ್ನು ಮರೆತಿಲ್ಲ.

ಗಾಡಿಯ ಮಾಲೀಕ ಬೇರೆ ಯಾರೂ ಅಲ್ಲ, ಹೆಂಡತಿಯ ಸ್ವಂತ ತಮ್ಮ. ಭಾವಮೈದನ ಕೈಕೆಳಗೆ ಕೆಲಸ ಮಾಡುವುದು ಎಂಥ ಸುಖ ಎಂಬುದನ್ನು ಮಾಡಿದವರೇ ಬಲ್ಲರು. ಅವನು ಬೈಯುವಾಗಲೂ ಬಹುವಚನ ಬಿಡುತ್ತಿರಲಿಲ್ಲ. ವ್ಯಾಪಾರಕ್ಕೆ ಸ್ವಲ್ಪ ಘನತೆ ಬರಲಿ ಎಂದು ಅವನು ಈಚೆಗೆ, ಮುಚ್ಚಿಹೋದ ಒಂದು ವಾದ್ಯತಂಡದಿಂದ ಅಗ್ಗಕ್ಕೆ ಕರಿ ಕೋಟು ಕೊಂಡು ತಂದು ಭಾವನಿಗೆ ತೊಡಿಸಿದ್ದ. ಕೋಟು ತೊಟ್ಟ ಮೇಲೆ ಗಂಭೀರಪ್ಪ ನೆರೆಮನೆಯವರಿಗೆ ತಾನು "ಸಾರಿಗೆ ವಿಭಾಗದಲ್ಲಿ" ಇರುವುದಾಗಿ ಹೇಳತೊಡಗಿದ. ಅದೇನೂ ಸುಳ್ಳಲ್ಲ.

ಎಡವಟ್ಟಾಗಿದ್ದು ಹೋದ ತಿಂಗಳು. ಒಂದು ಮನೆಗೆ ಹೋದಾಗ ನಡುಮನೆಯ ಮಂಚದ ಮೇಲೆ ಮುಖದ ತುಂಬಾ ಹೊದಿಕೆ ಎಳೆದುಕೊಂಡು ಒಬ್ಬ ಮುದುಕ ಮಲಗಿದ್ದ. ಗಂಭೀರಪ್ಪ ಕೇಳುವುದು ಮರ್ಯಾದೆಯಲ್ಲವೆಂದು ಕೇಳದೆ, ಸಹಾಯಕನ ಜೊತೆ ಸೇರಿ, ಬಹಳ ಭಕ್ತಿಯಿಂದ ಎತ್ತಿ ಗಾಡಿಗೆ ಹಾಕಿದ. ಗಾಡಿ ತಿರುವು ದಾಟುವಷ್ಟರಲ್ಲಿ ಮುದುಕ ಎದ್ದು ಕೂತು ನೀರು ಕೇಳಿದ. ಸತ್ತವಳು ಒಳಕೋಣೆಯಲ್ಲಿದ್ದಳು, ಇವನು ಅವಳ ಅಣ್ಣ, ಅತ್ತು ಸುಸ್ತಾಗಿ ಒಂದು ಗಳಿಗೆ ಕಣ್ಣು ಮುಚ್ಚಿದ್ದ. ಮನೆಯವರು ದೂರು ಕೊಟ್ಟರು.

"ನೋಡಿ ಭಾವ," ಎಂದ ಭಾವಮೈದ, "ಇನ್ನೊಂದು ದೂರು ಬಂತೋ, ಅಕ್ಕನ ಗಂಡ ಅಂತಾನೂ ನೋಡಲ್ಲ. ಕೀಲಿ ಇಟ್ಟು ಹೋಗ್ತಾ ಇರಿ. ಇನ್ಮೇಲೆ ನೀವಾಗಿ ಯಾರನ್ನೂ ಎತ್ತಬೇಡಿ, ಏನೂ ಕೇಳಬೇಡಿ. ಕೂರು ಅಂದ್ರೆ ಕೂರಿ. ಏನಾದ್ರೂ ಕೊಟ್ರೆ ಬೇಡ ಅನ್ನದೆ ತಗೊಳ್ಳಿ. ಅವರಾಗಿ ಬಂದು, ಬಾಯಿಬಿಟ್ಟು 'ಎತ್ತಿ' ಅಂದ್ಮೇಲೆ ಎತ್ತಿ."

ಹೆಂಡತಿ ಮನೆಯಲ್ಲಿ ಇದನ್ನೇ ಇನ್ನೂ ಸಣ್ಣದಾಗಿ ಅರೆದು ಕುಡಿಸಿದಳು. "ಈ ವಯಸ್ಸಲ್ಲಿ ನಿಮಗೆ ಇನ್ಯಾರು ಕೆಲಸ ಕೊಡ್ತಾರೆ? ಈ ಮುಖ ಹೊತ್ಕೊಂಡು ಹೋಗಿ ಬಟ್ಟೆ ಅಂಗಡೀಲಿ ನಿಲ್ತೀರಾ?" ಎಂದಳು. ಗಂಭೀರಪ್ಪನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅವನಿಗೆ ನಿಜವಾಗಿಯೂ ಬೇರೆ ಕೆಲಸ ಬರುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಕರೆ ಬಂತು. "ದೊಡ್ಡ ಜನ ಭಾವ, ಸದ್ದು ಮಾಡಬೇಡಿ. ಹಿಂದಿನ ಬಾಗಿಲಿಂದ ಮಹಡಿಗೆ ಹೋಗಬೇಕು," ಎಂದು ಭಾವಮೈದ ವಿಳಾಸ ಕೊಟ್ಟ. ಸಹಾಯಕ ಸೊಂಟ ಹಿಡಿದುಕೊಂಡು ರಜೆ ಹಾಕಿದ್ದ. ಗಂಭೀರಪ್ಪ ಒಬ್ಬನೇ ಹೊರಟ.

ಹಿಂದಿನ ಓಣಿಗೆ ಅಡ್ಡವಾಗಿ ತರಕಾರಿ ವ್ಯಾನು ನಿಂತಿತ್ತು. ಅದರ ಚಾಲಕ ಬೀಗ ಹಾಕಿಕೊಂಡು ಊಟಕ್ಕೆ ಹೋಗಿದ್ದ. ಗಂಭೀರಪ್ಪ ಗಾಡಿಯನ್ನು ಮುಂದಿನ ರಸ್ತೆಯಲ್ಲಿ ನಿಲ್ಲಿಸಿ, ಕೋಟಿನ ಗುಂಡಿ ಹಾಕಿಕೊಂಡು ಮುಂಬಾಗಿಲಿಗೆ ಬಂದ. ಕಪ್ಪು ಬಾಗಿಲು. ಬೋರ್ಡಿಲ್ಲ, ನಂಬರಿಲ್ಲ. ಒಳಗೆ ಮಬ್ಬು ಬೆಳಕು, ಬಿಳಿ ಹೂವು, ಕಪ್ಪು ಬಟ್ಟೆ ತೊಟ್ಟು ಮೆಲ್ಲನೆ ಓಡಾಡುವ ಜನ. ಮೇಜುಗಳಲ್ಲಿ ಕೂತವರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಇಷ್ಟು ಅಚ್ಚುಕಟ್ಟಾದ ಸಾವಿನ ಮನೆಯನ್ನು ಅವನು ತನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ.

ಇಲ್ಲಿ ಓದುಗರನ್ನು ಕತ್ತಲಲ್ಲಿಡುವುದು ನ್ಯಾಯವಲ್ಲ. ಅದು ಊರಿನ ಅತಿ ದುಬಾರಿ ಹೋಟೆಲು. ಬೋರ್ಡು ಹಾಕದಿರುವುದೇ ಅದರ ಹೆಚ್ಚುಗಾರಿಕೆ. ಅಲ್ಲಿ ನೀವು ಕೇಳಿದ್ದನ್ನು ಕೊಡುವುದಿಲ್ಲ. ಅವರು ಕೊಟ್ಟಿದ್ದನ್ನು, ಕೊಟ್ಟ ಕ್ರಮದಲ್ಲಿ, ಒಂದೊಂದು ತುತ್ತಾಗಿ ತಿನ್ನುತ್ತಾ ಹೋಗಬೇಕು. ಅದಕ್ಕೆ ರುಚಿಯೂಟ ಎಂದು ಹೆಸರು. ಅಂದು ಅಲ್ಲಿಗೆ ಒಬ್ಬ ಪತ್ರಿಕೆಯವನು ಬರುತ್ತಾನೆಂಬ ಸುದ್ದಿಯಿತ್ತು. ಹೋಟೆಲಿನವರು ಅವನನ್ನು ಕತ್ತರಿ ಎಂದು ಕರೆಯುತ್ತಿದ್ದರು, ಏಕೆಂದರೆ ಅವನು ಕೆಟ್ಟದಾಗಿ ಬರೆದ ಹೋಟೆಲುಗಳು ಮುಚ್ಚಿಹೋಗಿದ್ದವು. ಅವನನ್ನು ಯಾರೂ ಕಂಡಿರಲಿಲ್ಲ. ಒಬ್ಬನೇ ಬರುತ್ತಾನೆ, ಕರಿ ಕೋಟು ತೊಡುತ್ತಾನೆ, ನಗುವುದಿಲ್ಲ, ಹೆಸರು ಹೇಳುವುದಿಲ್ಲ ಎಂಬುದಷ್ಟೇ ಗೊತ್ತಿತ್ತು.

ಅದೇ ದಿನ ಬೆಳಿಗ್ಗೆ ಆ ಹೋಟೆಲಿನ ಶೆಫ್‌ನ ಅಪ್ಪ ಒಲೆಯ ಮುಂದೆ ಕುಸಿದು ಸತ್ತಿದ್ದ. ಮಹಡಿಯ ಉಗ್ರಾಣದಲ್ಲಿ ಅವನನ್ನು ಮಲಗಿಸಿ, ಬಿಳಿ ಬಟ್ಟೆ ಮುಚ್ಚಿ, ಹೆಣದ ಗಾಡಿಗೆ ಹೇಳಿ, ಮಗ ಕೆಳಗಿಳಿದು ಬಂದು ಏಪ್ರನ್ ಕಟ್ಟಿಕೊಂಡಿದ್ದ. ಕತ್ತರಿ ಬರುವ ದಿನ ಒಲೆ ಆರಿಸುವುದು ಅವನಿಂದ ಆಗಲಿಲ್ಲ.

"ಬನ್ನಿ ಸರ್, ತಮಗೇ ಕಾಯ್ತಾ ಇದ್ವಿ," ಎಂದ ಬಾಗಿಲಲ್ಲಿದ್ದ ಮ್ಯಾನೇಜರ್. ಅವನು ಕರವಸ್ತ್ರದಿಂದ ಹಣೆ, ಕಣ್ಣು ಒರೆಸಿಕೊಂಡ.

ಪಾಪ, ತೀರಾ ಹತ್ತಿರದವನಿರಬೇಕು ಎಂದುಕೊಂಡ ಗಂಭೀರಪ್ಪ.

"ಕೂತ್ಕೊಳ್ಳಿ ಸರ್."

ಕೂರು ಅಂದರೆ ಕೂರಬೇಕು. ಗಂಭೀರಪ್ಪ ಕೂತ.

ಮೊದಲು ಬಂದಿದ್ದು ತೊಟ್ಟಿಲಿನಷ್ಟು ಅಗಲದ ತಟ್ಟೆ. ಅದರಲ್ಲಿ ನುಣುಪಾದ ಕಲ್ಲುಗಳು, ಕಲ್ಲುಗಳ ಮೇಲೆ ಒಂದೇ ಒಂದು ಬಟಾಣಿ. ಬಡಿಸುವವಳು ಪಕ್ಕದಲ್ಲಿ ನಿಂತು ಆ ಬಟಾಣಿಯ ಜೀವನಚರಿತ್ರೆಯನ್ನು ಹೇಳಿದಳು. ಯಾವ ಮಣ್ಣಲ್ಲಿ ಹುಟ್ಟಿತು, ಎಂಥ ಮಂಜು ಬಿತ್ತು, ಯಾರ ಕೈಯಿಂದ ಬಿಡಿಸಿಕೊಂಡಿತು. ಗಂಭೀರಪ್ಪ ತಲೆ ಬಗ್ಗಿಸಿ ಕೇಳಿದ. ದುಃಖದಲ್ಲಿರುವವರು ಸಂಬಂಧವಿಲ್ಲದ್ದನ್ನೆಲ್ಲ ಮಾತಾಡುತ್ತಾರೆ, ತಡೆಯಬಾರದು ಎಂದು ಅವನ ಅನುಭವ ಹೇಳುತ್ತಿತ್ತು. ಅವಳು ಮುಗಿಸಿದಾಗ ಬಟಾಣಿ ತಿಂದು, ಎಲ್ಲ ಮನೆಯಲ್ಲೂ ಹೇಳುವ ಮಾತನ್ನೇ ಹೇಳಿದ:

"ಆಗಬಾರದಿತ್ತು."

ಬಡಿಸುವವಳ ಮುಖ ಬಿಳಿಚಿಕೊಂಡಿತು. ಅವಳು ತಟ್ಟೆ ಎತ್ತಿಕೊಂಡು ಓಡಿದಳು. ಅಡುಗೆಮನೆಯ ಕಡೆಯಿಂದ ಏನೋ ಬಿದ್ದ ಸದ್ದು ಕೇಳಿತು.

ಎರಡನೆಯದು ಗಾಜಿನ ಬೋಗುಣಿ ಕವುಚಿದ ತಟ್ಟೆ. ಒಳಗೆ ಬರೀ ಹೊಗೆ. ಮ್ಯಾನೇಜರನೇ ತಂದು, ಬೋಗುಣಿ ಎತ್ತದೆ, "ಸ್ವಲ್ಪ ಹೊತ್ತು ಹೀಗೇ ಇರಲಿ ಸರ್," ಎಂದು ನಿಂತ. ಗಂಭೀರಪ್ಪನಿಗೆ ಮಹಡಿಯ ಮೇಲೆ ಕಾಯುತ್ತಿರುವ ಇನ್ನೊಂದರ ನೆನಪಾಯಿತು. ಕೇಳುವ ಹಾಗಿಲ್ಲ ನಿಜ, ಆದರೆ ಸಲಹೆ ಕೊಡಬಾರದೆಂದು ಭಾವಮೈದ ಹೇಳಿರಲಿಲ್ಲ.

"ತುಂಬಾ ಹೊತ್ತು ಇಡಬಾರದು ಸಾರ್," ಎಂದ ಮೆಲ್ಲಗೆ. "ಸೆಕೆ ಜಾಸ್ತಿ ಇದೆ. ಆಮೇಲೆ ವಾಸನೆ ಬಂದ್ರೆ ಮನೆಯವರಿಗೇ ಬೇಜಾರು."

ಮ್ಯಾನೇಜರ್ ಗೋಡೆ ಹಿಡಿದುಕೊಂಡ. ಪಕ್ಕದ ಮೇಜಿನಲ್ಲಿ ಮುತ್ತಿನ ಸರ ಹಾಕಿಕೊಂಡ ಒಬ್ಬ ಹಿರಿಯ ಹೆಂಗಸಿದ್ದಳು. ಅವಳು ಅದೇ ಹೊಗೆಯನ್ನು ಆಗತಾನೆ ಕೊಂಡಾಡಿದ್ದವಳು, ಈಗ ಮೂಗಿಗೆ ಕರವಸ್ತ್ರ ಹಿಡಿದು, "ನಾನಾಗ್ಲೇ ಅಂದೆ, ಏನೋ ವಾಸನೆ ಅಂತ," ಎಂದು ಗಂಡನನ್ನು ತಿವಿದಳು. ಗಂಡ ತಟ್ಟೆಯ ಫೋಟೋ ತೆಗೆಯುತ್ತಿದ್ದ. ಈ ಸಾವಿನ ಮನೆಯಲ್ಲಿ ಎಲ್ಲರೂ ಫೋಟೋ ತೆಗೆಯುತ್ತಿರುವುದನ್ನು ಗಂಭೀರಪ್ಪ ಗಮನಿಸಿದ್ದ. ದೊಡ್ಡ ಜನರ ರೀತಿಯೇ ಬೇರೆ ಎಂದು ಸುಮ್ಮನಾಗಿದ್ದ.

ಮೂರನೆಯದು ಚಮಚದಲ್ಲಿ ಒಂದಿಷ್ಟು ನೊರೆ. ಬಾಯಿಗಿಟ್ಟರೆ ಇಟ್ಟ ಹಾಗೂ ಆಗಲಿಲ್ಲ. ಬೆಳಿಗ್ಗೆಯಿಂದ ಹಸಿದಿದ್ದ ಗಂಭೀರಪ್ಪನ ಹೊಟ್ಟೆ ಆ ನೊರೆಯನ್ನು ಕಂಡು ಗುರ್ ಎಂದಿತು. ಮ್ಯಾನೇಜರ್ ಅಡುಗೆಮನೆಗೆ ಹೋಗಿ, "ನೊರೆ ತಿಂದು ಗುರುಗುಟ್ಟಿದ!" ಎಂದು ವರದಿ ಮಾಡಿದ. ಒಳಗೆ ಶೆಫ್ ಸೀಲಿಂಗಿನ ಕಡೆ ಒಮ್ಮೆ ನೋಡಿ, ಮತ್ತೆ ಬಾಣಲೆಯ ಕಡೆ ತಿರುಗಿದನಂತೆ.

ನಾಲ್ಕನೆಯದು ಬಂದಾಗ ಅನಾಹುತವೇ ಆಯಿತು. ಕಪ್ಪು ತಟ್ಟೆಯ ಮೇಲೆ ನುಣ್ಣನೆಯ ಬೂದಿ, ಬೂದಿಯ ಮೇಲೆ ಒಂದು ಬಿಳಿ ಮೂಳೆ, ಪಕ್ಕದಲ್ಲಿ ಒಂದು ಹೂವಿನ ಎಸಳು. ಬೂದಿ ಸುಟ್ಟ ಈರುಳ್ಳಿಯದು, ಮೂಳೆಯೊಳಗಿನ ಕೊಬ್ಬು ತಿನ್ನಬೇಕಾದದ್ದು. ಇದು ತಿಳಿದವರ ಮಾತು. ಆಯುಷ್ಯವೆಲ್ಲ ಸ್ಮಶಾನಕ್ಕೆ ಹೋಗಿ ಬಂದವನು ಅದನ್ನು ಹೇಗೆ ನೋಡಬೇಕೋ ಗಂಭೀರಪ್ಪ ಹಾಗೆಯೇ ನೋಡಿದ. ಅವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ, ಎರಡೂ ಕೈ ಮುಗಿದ.

"ನಾನು ಬರೋ ಮೊದಲೇ ಮುಗಿಸಿಬಿಟ್ರಾ?"

ಮುತ್ತಿನ ಸರದವಳು ಬಾಯಿಗೆ ಒಯ್ದಿದ್ದ ಮೂಳೆಯನ್ನು ಮೆಲ್ಲಗೆ ತಟ್ಟೆಗಿಟ್ಟಳು.

"ಏನು... ಏನಾಯ್ತು ಸರ್?" ಎಂದ ಮ್ಯಾನೇಜರ್.

"ಕೊಟ್ಟಿದ್ದನ್ನ ಬೇಡ ಅನ್ನಬಾರದು ಅಂತ ನಮಗೆ ಕಟ್ಟಪ್ಪಣೆ ಇದೆ," ಎಂದ ಗಂಭೀರಪ್ಪ. ಕೆಲಸ ಹೋಗುವುದು ಅವನ ಕಣ್ಣಮುಂದೆ ಕಾಣುತ್ತಿತ್ತು. "ಆದ್ರೆ ಇದೊಂದು ನನ್ನ ಕೈಲಿ ಆಗಲ್ಲ ಸಾರ್. ಬೇಕಾದ್ರೆ ದೂರು ಕೊಡಿ. ಇದನ್ನ ತಿನ್ನೋದು ಮನುಷ್ಯರು ಮಾಡೋ ಕೆಲಸ ಅಲ್ಲ."

ಇದಾದ ಮೇಲೆ ಪಕ್ಕದ ಮೇಜುಗಳಿಂದ ಮೂಳೆಗಳು ಒಂದೊಂದಾಗಿ ವಾಪಸು ಹೋದವು. ಒಳಗೆ ಯಾರೋ ಅಳುವುದು ಕೇಳಿಸಿತು. ಗಂಭೀರಪ್ಪನಿಗೆ ಸ್ವಲ್ಪ ಸಮಾಧಾನವಾಯಿತು. ಕೊನೆಗೂ ಈ ಮನೆಯಲ್ಲಿ ಒಬ್ಬರಾದರೂ ಅತ್ತರಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯ ಬಾಗಿಲು ತೆರೆದು ಶೆಫ್ ತಾನೇ ಹೊರಗೆ ಬಂದ. ನಲವತ್ತರ ಆಸುಪಾಸಿನವನು, ಕಣ್ಣು ಕೆಂಪಗಿತ್ತು. ಕೈಯಲ್ಲಿ ಅಲಂಕಾರವಿಲ್ಲದ ಒಂದು ಬಟ್ಟಲು. ಅದನ್ನು ಮೇಜಿನ ಮೇಲಿಟ್ಟು, ಯಾವ ಜೀವನಚರಿತ್ರೆಯನ್ನೂ ಹೇಳದೆ, "ಈರುಳ್ಳಿ ಸೂಪು. ಇನ್ನೇನೂ ಉಳಿದಿಲ್ಲ. ಇಷ್ಟ ಇದ್ರೆ ತಗೊಳ್ಳಿ," ಎಂದ.

ಬಿಸಿಯಾಗಿತ್ತು. ಬಟ್ಟಲಿನ ತುಂಬಾ ಇತ್ತು. ಗಂಭೀರಪ್ಪ ಒಂದು ಚಮಚ ಬಾಯಿಗೆ ಹಾಕಿದ, ಆಮೇಲೆ ಚಮಚ ಬದಿಗಿಟ್ಟು ಬಟ್ಟಲನ್ನೇ ಎತ್ತಿದ. ತಳದಲ್ಲಿ ಅಂಟಿದ್ದನ್ನು ಬೆರಳಿನಿಂದ ಒರೆಸಿ ತಿಂದ. ಎಷ್ಟೋ ವರ್ಷಗಳಿಂದ ಕದಲದಿದ್ದ ಅವನ ಮುಖದಲ್ಲಿ ತುಟಿಯ ಒಂದು ತುದಿ ಸ್ವಲ್ಪ ಮೇಲೆ ಹೋಯಿತು.

"ಇನ್ನೊಂದು ಸ್ವಲ್ಪ ಇದೆಯಾ?" ಎಂದ.

ಶೆಫ್ ಎದುರಿನ ಕುರ್ಚಿಯಲ್ಲಿ ಕುಸಿದು ಕೂತ. "ಇಲ್ಲ. ಇನ್ನಿಲ್ಲ," ಎಂದವನೇ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡ. "ನೀವು ಏನು ಬೇಕಾದ್ರೂ ಬರ್ಕೊಳ್ಳಿ ಸರ್. ನಂಗೆ ಸಾಕಾಗಿದೆ. ನಮ್ಮಪ್ಪ ಬೆಳಿಗ್ಗೆ ಹೋಗಿಬಿಟ್ರು. ಮೇಲ್ಗಡೆ ಮಲಗಿದ್ದಾರೆ. ನಾನಿಲ್ಲಿ ಬಟಾಣಿ ಜೋಡಿಸ್ತಾ ಇದ್ದೀನಿ."

ಗಂಭೀರಪ್ಪ ಕೂಡಲೇ ಎದ್ದು ಕೋಟು ಸರಿಮಾಡಿಕೊಂಡ.

"ಹಾಗಾದ್ರೆ ಎತ್ತೋಣ್ವಾ ಸಾರ್?"

ಶೆಫ್ ಮುಖದಿಂದ ಕೈ ತೆಗೆದ. "ನೀವು... ನೀವ್ಯಾರು?"

"ಗಾಡಿಯವನು."

ಮ್ಯಾನೇಜರ್ ಇದನ್ನು ಕೇಳಿ ಹತ್ತಿರ ಬಂದು, "ಹಾಗಾದ್ರೆ ಹಿಂದಿನ ಬಾಗಿಲಿಂದ ಬಂದವನ್ಯಾರು?" ಎಂದ.

ಹಿಂದಿನ ಬಾಗಿಲಿನ ಕಥೆ ಹೀಗೆ. ಕತ್ತರಿ ತನ್ನ ಕರಿ ಕೋಟಿನ ಗುರುತು ಊರಿಗೆಲ್ಲ ಹಬ್ಬಿದೆಯೆಂದು ಅಂದು ಮಾಸಿದ ಅಂಗಿ ಹಾಕಿಕೊಂಡು ಬಂದಿದ್ದ. ಯಾವ ಹೋಟೆಲಿಗೆ ಹೋದರೂ ಮೊದಲು ಹಿಂದಿನ ಓಣಿಗೆ ಹೋಗಿ ಕಸದ ಡಬ್ಬಿ ಮೂಸಿ ನೋಡುವುದು ಅವನ ಪದ್ಧತಿ. ಅಡುಗೆಮನೆ ಎಂಥದ್ದೆಂದು ಅಲ್ಲೇ ತಿಳಿಯುತ್ತದಂತೆ. ಅವನು ಡಬ್ಬಿಯೊಳಗೆ ತಲೆ ಹಾಕಿದ್ದಾಗ ಪಾತ್ರೆ ತೊಳೆಯುವ ಹೆಂಗಸು ಕಂಡು, "ಬರಬೇಕಾಗಿದ್ದವರು ನೀವೇನಾ? ಸದ್ದು ಮಾಡದೆ ಮೇಲೆ ಬನ್ನಿ," ಎಂದು ಕರೆದೊಯ್ದು, ಉಗ್ರಾಣದೊಳಗೆ ಬಿಟ್ಟು, "ಪಾಪ, ಬೆಳಿಗ್ಗೆಯಿಂದ ಹತ್ತಿರ ಒಬ್ಬರೂ ಕೂತಿಲ್ಲ. ಯಜಮಾನರು ಬರೋ ತನಕ ಕೂತಿರಿ," ಎಂದಳು. ಆಮೇಲೆ ಬೆಕ್ಕು ನುಗ್ಗೀತೆಂದು ಹೊರಗಿನಿಂದ ಚಿಲಕ ಹಾಕಿ, ಗಾಡಿಯವನು ಬಂದನೆಂದು ಮ್ಯಾನೇಜರನಿಗೆ ತಿಳಿಸಿದಳು.

ಶೆಫ್ ಚಿಲಕ ತೆಗೆದಾಗ ಕತ್ತರಿ ಹಿಟ್ಟಿನ ಚೀಲದ ಮೇಲೆ ಕೂತಿದ್ದ. ಮುದುಕನ ಮುಖದ ಬಟ್ಟೆ ಸರಿದಿತ್ತು, ಕತ್ತರಿ ಒಂದು ರಟ್ಟಿನ ತುಂಡಿನಿಂದ ನೊಣ ಓಡಿಸುತ್ತಿದ್ದ.

"ವಿಶೇಷ ಅತಿಥಿಗಳ ಕೋಣೆ ಅಂದ್ಕೊಂಡೆ," ಎಂದ ಕತ್ತರಿ. ಅವನ ದನಿ ಒಣಗಿತ್ತು. "ಬಿಳಿ ಬಟ್ಟೆ ಮುಚ್ಚಿದ ಮೇಜು ಅಂತ ಕಾಯ್ತಾ ಕೂತೆ. ಯಾರೂ ಬರ್ಲಿಲ್ಲ. ಕೊನೆಗೆ ನಾನೇ ತೆಗೆದು ನೋಡ್ದೆ. ಬಾಗಿಲು ಬಡಿದೆ, ಕೆಳಗಿನ ಫ್ಯಾನಿನ ಸದ್ದಿಗೆ ಯಾರಿಗೂ ಕೇಳಿಸ್ಲಿಲ್ಲ. ಆಮೇಲೆ ಬಡಿಯೋದು ಬಿಟ್ಟು ಕೂತೆ. ನೀವು ಇವರಿಗೆ ಏನಾಗಬೇಕು?"

"ಮಗ," ಎಂದ ಶೆಫ್.

ಕತ್ತರಿ ರಟ್ಟಿನ ತುಂಡನ್ನು ಕೆಳಗಿಟ್ಟ. ಊರಿನಲ್ಲಿ ಎಷ್ಟೋ ಜನರನ್ನು ಬೀದಿಗೆ ತಂದವನು ಆ ಒಂದು ಗಳಿಗೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದು ಶೆಫ್‌ನನ್ನು ಅವನ ಎಲ್ಲ ಬರಹಗಳಿಗಿಂತ ಹೆಚ್ಚು ನೋಯಿಸಿತು.

ಗಂಭೀರಪ್ಪ ಸ್ಟ್ರೆಚರ್ ತಂದು ಬಿಚ್ಚಿ, ಕೈಕಟ್ಟಿ ನಿಂತ. ಯಾರೂ ಅಲುಗಲಿಲ್ಲ.

"ಸಾರ್, ನೀವು ಬಾಯಿಬಿಟ್ಟು ಹೇಳಬೇಕು," ಎಂದ.

"ಏನಂತ?"

"ಎತ್ತಿ ಅಂತ. ನಮ್ಮ ಭಾವಮೈದನ ಕಾನೂನು. ಹೋದ ತಿಂಗಳು ಸ್ವಲ್ಪ ತೊಂದರೆ ಆಗಿತ್ತು."

ಶೆಫ್ ಬಾಯಿ ತೆರೆದ. ಮಾತು ಹೊರಡಲಿಲ್ಲ. ಮತ್ತೊಮ್ಮೆ ತೆರೆದ. ಅಡುಗೆಮನೆಯಲ್ಲಿ ದಿನವಿಡೀ ಕೂಗಿ ಆಜ್ಞೆ ಮಾಡುವವನಿಗೆ ಅಷ್ಟು ಸಣ್ಣ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು. ಗಂಭೀರಪ್ಪ ಕಾದ. ಕಾಯುವುದೊಂದು ಅವನಿಗೆ ಚೆನ್ನಾಗಿ ಬರುತ್ತಿತ್ತು.

"ಎತ್ತಿ," ಎಂದ ಶೆಫ್ ಕೊನೆಗೆ. ಎಂದವನು ತಾನೇ ಬಗ್ಗಿ ಅಪ್ಪನ ತಲೆಯ ಕಡೆ ಹಿಡಿದ. ಗಂಭೀರಪ್ಪ ಕಾಲಿನ ಕಡೆ, ಮೆಟ್ಟಿಲು ಕಡಿದಾಗಿದ್ದರಿಂದ ಕತ್ತರಿ ನಡುವೆ.

ಓಣಿಯಲ್ಲಿ ತರಕಾರಿ ವ್ಯಾನು ಇನ್ನೂ ಹಾಗೆಯೇ ನಿಂತಿತ್ತು. ಅದರ ಚಾಲಕ ನಿಧಾನವಾಗಿ ಉಣ್ಣುವವನಿರಬೇಕು. ಅದರ ಪಕ್ಕ ಒಬ್ಬ ಮನುಷ್ಯ ನುಸುಳಬಹುದಿತ್ತು, ಸ್ಟ್ರೆಚರ್ ಹಿಡಿಸುತ್ತಿರಲಿಲ್ಲ, ಬೇರೆ ದಾರಿಯಿರಲಿಲ್ಲ. ಅಡುಗೆಮನೆಯನ್ನು ದಾಟಿ, ಒಲೆಗಳ ನಡುವಿನಿಂದ, ಅತಿಥಿಗಳು ಕೂತಿದ್ದ ಊಟದ ಹಾಲಿನ ಮೂಲಕವೇ ಹೊರಟರು. ಮಬ್ಬು ಬೆಳಕಿನಲ್ಲಿ ಬಿಳಿ ಬಟ್ಟೆ ಮುಚ್ಚಿದ ಉದ್ದನೆಯ ಅದೇನನ್ನೋ ಶೆಫ್ ತಾನೇ ಹೊತ್ತು ತರುವುದನ್ನು ಕಂಡು ಅತಿಥಿಗಳು ಸೆಟೆದು ಕೂತರು. ಮೂಳೆಯ ಅವಮಾನಕ್ಕೆ ಹೋಟೆಲು ಏನೋ ಭರ್ಜರಿ ಉತ್ತರ ಕೊಡುತ್ತಿದೆ ಎಂದು ಅವರಿಗೆ ಅನ್ನಿಸಿತು. ಮೂಲೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ಸೇರಿಕೊಂಡರು. ನೋಡನೋಡುತ್ತಿದ್ದಂತೆ ಹಾಲಿಗೆ ಹಾಲೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು.

"ಇದು ಎಲ್ಲರ ಮೇಜಿಗೂ ಬರುತ್ತಾ?" ಎಂದು ಮುತ್ತಿನ ಸರದವಳು ಗಂಭೀರಪ್ಪನನ್ನು ಕೇಳಿದಳು.

"ಎಲ್ಲರಿಗೂ ಬರುತ್ತಮ್ಮ," ಎಂದ ಗಂಭೀರಪ್ಪ. "ಅವಸರ ಮಾಡಬೇಡಿ."

ಶೆಫ್ ನಡುದಾರಿಯಲ್ಲಿ ನಿಂತುಬಿಟ್ಟ. ಆ ಮುದುಕ ಆಯುಷ್ಯವೆಲ್ಲ ಒಲೆಯ ಮುಂದೆ ಕಳೆದವನು. ಈ ಹಾಲಿಗೆ ಒಂದು ದಿನವೂ ಕಾಲಿಟ್ಟಿರಲಿಲ್ಲ. ಬೆವರಿದ ಬನಿಯನ್ನಿನ ಮುದುಕ ಗಿರಾಕಿಗಳ ಕಣ್ಣಿಗೆ ಬೀಳಬಾರದೆಂದು ನಿಯಮ ಮಾಡಿದವನು ಮಗನೇ. ಚಪ್ಪಾಳೆ ನಿಲ್ಲುವ ತನಕ ಶೆಫ್ ಅಲುಗಲಿಲ್ಲ. ಗಂಭೀರಪ್ಪನೂ ಅವಸರಪಡಿಸಲಿಲ್ಲ. ಕತ್ತರಿ ಬಾಗಿಲ ತನಕ ಬಂದು, ಗಾಡಿಯ ಹಿಂಬಾಗಿಲು ಮುಚ್ಚಿದ ಮೇಲೆ ನಡೆದು ಹೋದ.

ಶೆಫ್ ಏಪ್ರನ್ನಿನಲ್ಲೇ ಗಂಭೀರಪ್ಪನ ಪಕ್ಕ ಹತ್ತಿ ಕೂತ. ಗಾಡಿ ಹೊರಟಿತು.

"ಒಂದು ಮಾತು ಕೇಳ್ತೀನಿ, ನಿಜ ಹೇಳಿ," ಎಂದ ಶೆಫ್. "ಊಟ ಹೇಗಿತ್ತು?"

ಗಂಭೀರಪ್ಪ ಯೋಚಿಸಿದ. ಅವನಿಗೆ ಸುಳ್ಳು ಹೇಳುವ ಅಭ್ಯಾಸವಿತ್ತು, ಆದರೆ ಅದು ಬೇರೆ ತರಹದ ಸುಳ್ಳು. "ಮೊದಲಿಂದೆಲ್ಲ ನಂಗೆ ತಿಳೀಲಿಲ್ಲ ಸಾರ್. ಆ ಸೂಪು ಮಾತ್ರ ಊಟ ಮಾಡಿದ ಹಾಗಿತ್ತು."

"ಅದು ನಾನು ಮಾಡಿದ್ದಲ್ಲ," ಎಂದ ಶೆಫ್. "ಕೆಲಸದವರಿಗೆ ಅಂತ ಅಪ್ಪ ದಿನಾ ಬೆಳಿಗ್ಗೆ ಸಣ್ಣ ಉರೀಲಿ ಇಡ್ತಿದ್ರು. ಇವತ್ತು ಅದನ್ನ ಕಲಕ್ತಾ ಇದ್ದಾಗಲೇ ಬಿದ್ದಿದ್ದು. ನಾನು ಅವರನ್ನ ಮೇಲೆ ಮಲಗಿಸಿ ಬಂದು ಉರಿ ಆರಿಸೋಕೆ ಹೋದೆ, ಕೈ ಬರ್ಲಿಲ್ಲ. ಹಾಗೇ ಬಿಟ್ಟೆ." ಏಪ್ರನ್ನಿನ ಗಂಟು ಬಿಚ್ಚುತ್ತಾ, "ಇನ್ನೂ ಇದ್ದಿದ್ರೆ ನಾನೂ ಒಂದು ಬಟ್ಟಲು ಕುಡೀತಿದ್ದೆ," ಎಂದ. ಆಗ ಅವನು ಅತ್ತ, ಬೆಳಿಗ್ಗೆಯಿಂದ ಬಾಕಿಯಿಟ್ಟಿದ್ದ ಅಳುವನ್ನೆಲ್ಲ ಒಟ್ಟಿಗೆ ತೀರಿಸಿಬಿಟ್ಟ.

ಇನ್ನೊಂದು ಸ್ವಲ್ಪ ಬೇಕೆಂದು ಕೇಳಿದ್ದು ಗಂಭೀರಪ್ಪನಿಗೆ ಈಗ ನಾಚಿಕೆಯೆನಿಸಿತು. ಅವನ ಬಳಿಯಿದ್ದ ಸಮಾಧಾನದ ಮಾತುಗಳೆಲ್ಲ ಊಟದ ಹೊತ್ತಿನಲ್ಲೇ ಖರ್ಚಾಗಿದ್ದವು.

ಸಿಗ್ನಲ್ಲಿನಲ್ಲಿ ನಿಂತಾಗ ಫೋನು ಬಡಿದುಕೊಂಡಿತು. ಭಾವಮೈದನ ಕೂಗು ಗಾಡಿಯ ತುಂಬಾ ಕೇಳಿಸುತ್ತಿತ್ತು.

"ಬಂತು ಭಾವ, ದೂರು ಬಂತು! ಆ ಮ್ಯಾನೇಜರ್ ಫೋನ್ ಮಾಡಿದ್ದ. ಹೆಣ ಕಾಯಿಸಿ, ಕಾಲಮೇಲೆ ಕಾಲು ಹಾಕ್ಕೊಂಡು ಊಟ ಮಾಡ್ತಾ ಕೂತಿದ್ರಂತಲ್ಲ ನೀವು! ಗಾಡಿ ತಂದು ಕೀಲಿ ಇಟ್ಟುಬಿಡಿ. ಅಕ್ಕನಿಗೆ ನೀವೇ ಹೇಳ್ಕೊಳ್ಳಿ."

ಗಂಭೀರಪ್ಪ ಬಾಯಿ ತೆರೆಯುವ ಮೊದಲೇ ಶೆಫ್ ಫೋನು ತೆಗೆದುಕೊಂಡ.

"ನಾನು ಸತ್ತವರ ಮಗ," ಎಂದ. "ಇವರು ಕಾಯಿಸಿಲ್ಲ. ಕಾಯಿಸಿದ್ದು ನಾನು. ದೂರು ಏನಿದ್ರೂ ನನ್ನ ಮೇಲೆ ಬರ್ಕೊಳ್ಳಿ."

ಫೋನು ವಾಪಸು ಗಂಭೀರಪ್ಪನ ಕೈಗೆ ಬಂತು. ಭಾವಮೈದ ಎರಡು ಸಲ ಕೆಮ್ಮಿ, ಏನೂ ತೋಚದಾಗ ಯಾರಾದರೂ ಕೇಳುವುದನ್ನೇ ಕೇಳಿದ:

"ಮತ್ತೆ... ಊಟ ಆಯ್ತಾ ಭಾವ?"

ಗಂಭೀರಪ್ಪ ಪಕ್ಕಕ್ಕೆ ನೋಡಿದ, ಆಮೇಲೆ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದ. ಬಿಳಿ ಬಟ್ಟೆ ಅಲುಗದೆ ಇತ್ತು.

"ಆಯ್ತಪ್ಪ," ಎಂದ. "ಹೊಟ್ಟೆ ತುಂಬಾ ಬಡಿಸಿದ್ರು." ಫೋನು ಇಟ್ಟು, ದೀಪ ಹಸಿರಾದ ಮೇಲೆ, ಗಾಡಿಯನ್ನು ನಿಧಾನವಾಗಿ ಮುಂದಕ್ಕೆ ಬಿಟ್ಟ.